ಆಸ್ತಿ ತೆರಿಗೆ ನಿರ್ಧಾರ ಸರಿಯಿದೆಯೇ ಎಂದು ಅಳೆಯುವುದು ಹೇಗೆ? ಅಳೆಯುವವರಿಗೆ ಯಾವ ಅರ್ಹತೆ ಬೇಕು?

ಕಂದಾಯ_ಕಡತ

ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ ಐದು ನಗರಪಾಲಿಕೆಗಳು ಬಂದಿವೆ. ಆಸ್ತಿ ತೆರಿಗೆ ಎಂದ ಕೂಡಲೇ ಚರ್ಚೆ ದರದ ಕಡೆಗೆ ಹೋಗುತ್ತದೆ. ದರಕ್ಕಿಂತ ಮೊದಲು ಉತ್ತರ ಸಿಗಬೇಕಾದ ಎರಡು ಪ್ರಶ್ನೆಗಳನ್ನು ಇಲ್ಲಿ ಇಡುತ್ತಿದ್ದೇನೆ. ಒಂದು ಮನೆಗೆ ಹಾಕಿದ ತೆರಿಗೆ, ಪಕ್ಕದ ಬೀದಿಯ ಅಂಥದ್ದೇ ಮನೆಗೆ ಹಾಕಿದ್ದಕ್ಕೆ ಸಮನಾಗಿದೆ ಎಂದು ಲೆಕ್ಕದಲ್ಲಿ ತೋರಿಸಲು ಬರುತ್ತದೆಯೇ? ಮಾಲೀಕರ ಘೋಷಣೆ ತಪ್ಪು ಎಂದು ನೋಟಿಸ್ ಕೊಡುವವರು ಮೌಲ್ಯಮಾಪನ ಕಲಿತು ಪರೀಕ್ಷೆ ಪಾಸು ಮಾಡಿರಬೇಕೇ, ಬೇಡವೇ?

ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ. 2000ಕ್ಕೆ ಮೊದಲು ಬೆಂಗಳೂರಿನಲ್ಲಿ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ ತೆರಿಗೆ ಇತ್ತು. ಮನೆಗೆ ಎಷ್ಟು ಬಾಡಿಗೆ ಬರಬಹುದು ಎಂಬುದನ್ನು ಸಿಬ್ಬಂದಿ ತೀರ್ಮಾನಿಸುತ್ತಿದ್ದರು. 2000ದಲ್ಲಿ ಸ್ವಯಂ ಘೋಷಣೆ ಬಂತು, 2008ರ ಏಪ್ರಿಲ್‌ನಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ. ನಗರದ ರಸ್ತೆಗಳನ್ನು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರದ (ಆಸ್ತಿ ನೋಂದಣಿಗೆ ಸರ್ಕಾರ ನಿಗದಿ ಮಾಡುವ ಕನಿಷ್ಠ ಬೆಲೆ) ಆಧಾರದಲ್ಲಿ ‘ಎ’ಯಿಂದ ‘ಎಫ್’ವರೆಗೆ ಆರು ವಲಯ ಮಾಡಿ, ಪ್ರತಿ ವಲಯಕ್ಕೂ ಚದರಡಿಗೆ ತಿಂಗಳ ದರ ನಿಗದಿ ಮಾಡಿದರು. ಲೆಕ್ಕ ಮಾಲೀಕರೇ ಹಾಕಿ ಕಟ್ಟುತ್ತಾರೆ. ಸಿಬ್ಬಂದಿಯ ವಿವೇಚನೆ ಕಡಿಮೆಯಾದದ್ದು ದೊಡ್ಡ ಲಾಭ. ಆದರೆ ಆ ವಿವೇಚನೆಯ ಜಾಗಕ್ಕೆ ಅಳತೆಗೋಲು ಬರಲಿಲ್ಲ ಎಂಬುದು ನನ್ನ ವಾದ. ತಿಳಿದವರು ಬರೆಯಿರಿ.

ಅಳತೆಪಟ್ಟಿ

ಮೊದಲು ಲೆಕ್ಕ ಒಂದನ್ನು ಎದುರಿಗಿಟ್ಟುಕೊಳ್ಳೋಣ. ‘ಡಿ’ ವಲಯದಲ್ಲಿ 1,200 ಚದರಡಿ ಆರ್‌ಸಿಸಿ ತಾರಸಿ ಮನೆ, ಮಾಲೀಕರೇ ವಾಸ. 2008ರ ಮೂಲ ದರ ಚದರಡಿಗೆ ತಿಂಗಳಿಗೆ 1.60 ರೂ. ವರ್ಷಕ್ಕೆ 12 ತಿಂಗಳ ಬದಲು 10 ತಿಂಗಳು ಮಾತ್ರ ಹಿಡಿಯುತ್ತಾರೆ.

1,200 × 1.60 × 10 = 19,200 ರೂ. ಕಟ್ಟಡದ ವಯಸ್ಸಿಗೆ ಸವಕಳಿ ಶೇ 12 ಎಂದಿಟ್ಟುಕೊಂಡರೆ 2,304 ಕಳೆದು 16,896 ಉಳಿಯುತ್ತದೆ. ಅದರ ಶೇ 20 ತೆರಿಗೆ: 3,379.20. ಅದರ ಮೇಲೆ ಉಪಕರ ಶೇ 24 (ಆರೋಗ್ಯ 15, ಗ್ರಂಥಾಲಯ 6, ಭಿಕ್ಷುಕರ ಉಪಕರ 3), ಅಂದರೆ 811.01. ಒಟ್ಟು 4,190.21 ರೂ. ಆಮೇಲೆ 2016ರಲ್ಲಿ ವಸತಿಗೆ ಶೇ 20, ವಸತಿಯೇತರಕ್ಕೆ ಶೇ 25 ಏರಿಸಿದರು. ಲೆಕ್ಕದ ಚೌಕಟ್ಟು ಮಾತ್ರ ಇದೇ.

ಈಗ ಅದೇ ಮನೆಯನ್ನು ಬಾಡಿಗೆಗೆ ಕೊಟ್ಟರೆ ದರ 3.20. ತೆರಿಗೆ ನೇರವಾಗಿ ಎರಡು ಪಟ್ಟು: ಉಪಕರ ಸೇರಿ 8,380.42 ರೂ. ಈ ಸೂತ್ರದಲ್ಲಿ ಮನೆಯ ಬೆಲೆ ಎಲ್ಲೂ ನೇರವಾಗಿ ಬರುವುದಿಲ್ಲ. ವಿಸ್ತೀರ್ಣ, ವಲಯ, ಬಳಕೆ, ತಾರಸಿ ಬಗೆ, ವಯಸ್ಸು, ಇಷ್ಟರ ಮೇಲೆ ಎಲ್ಲವೂ ನಿಂತಿದೆ. ಈ ಐದರಲ್ಲಿ ಒಂದು ತಪ್ಪಾದರೂ ಅಂತಿಮ ಮೊತ್ತ ದಾರಿ ತಪ್ಪುತ್ತದೆ.

ಹೆಚ್ಚು ತಪ್ಪಾಗುವುದು ವಿಸ್ತೀರ್ಣದಲ್ಲಿ. 30×40 ನಿವೇಶನದಲ್ಲಿ ಹೊರಗೋಡೆಯಿಂದ ಹೊರಗೋಡೆಗೆ 25×34 ಅಡಿ ಕಟ್ಟಿದ್ದರೆ 850 ಚದರಡಿ. ಸುತ್ತ 9 ಇಂಚಿನ ಗೋಡೆ ಬಿಟ್ಟು ಒಳಗಿನಿಂದ ಟೇಪ್ ಹಿಡಿದರೆ 23.5×32.5, ಅಂದರೆ 763.75. ಒಳಗೋಡೆಗಳನ್ನು ಇನ್ನೂ ಕಳೆದೇ ಇಲ್ಲ, ಆಗಲೇ 86.25 ಚದರಡಿ ಮಾಯ. ಒಳ ಅಳತೆಯಲ್ಲಿ ಕಟ್ಟಿದವರ ತೆರಿಗೆಗೆ ಹೋಲಿಸಿದರೆ ಸರಿಯಾದ ತೆರಿಗೆ ಶೇ 11ಕ್ಕೂ ಹೆಚ್ಚು. ಮರುನಿರ್ಧಾರದಲ್ಲಿ ವ್ಯತ್ಯಾಸ ಶೇ 5 ದಾಟಿದರೆ ದಂಡದ ನಿಯಮ ಅನ್ವಯವಾಗುತ್ತದೆ. ಮೋಸ ಮಾಡುವ ಉದ್ದೇಶವೇ ಇಲ್ಲದವರೂ ಒಂದು ಗೋಡೆಯ ದಪ್ಪದಿಂದ ದಂಡಕ್ಕೆ ಸಿಗುತ್ತಾರೆ.

ಖಾತಾ_ಪ್ರಶ್ನೆ

ಸರ್, ಫ್ಲ್ಯಾಟ್‌ಗಳಲ್ಲಿ ಕ್ರಯಪತ್ರದಲ್ಲಿ ಸೂಪರ್ ಬಿಲ್ಟ್-ಅಪ್ (ಮೆಟ್ಟಿಲು, ಲಿಫ್ಟ್‌ನಂಥ ಸಾಮಾನ್ಯ ಜಾಗದ ಪಾಲೂ ಸೇರಿದ ವಿಸ್ತೀರ್ಣ) ಎಂದಿರುತ್ತದೆ, ರೇರಾ ಒಪ್ಪಂದದಲ್ಲಿ ಕಾರ್ಪೆಟ್ ಏರಿಯಾ (ಮನೆಯೊಳಗೆ ಬಳಕೆಗೆ ಸಿಗುವ ಜಾಗ). ಒಂದೇ ಕಟ್ಟಡದಲ್ಲಿ ಮೂರು ಮನೆಯವರು ಮೂರು ಬಗೆಯಲ್ಲಿ ಕಟ್ಟುತ್ತಾರೆ. ಇದನ್ನು ಯಾರು ಸರಿಪಡಿಸಬೇಕು?

ಅಳತೆಪಟ್ಟಿ

ಕಾರ್ಪೆಟ್ ಏರಿಯಾ ಹಾಕುವುದಂತೂ ತಪ್ಪು. ಉಳಿದದ್ದಕ್ಕೆ ಸಂಘದ ಮಟ್ಟದಲ್ಲಿ ಒಂದು ಪಟ್ಟಿ ಮಾಡಿಸುವುದು ಒಳ್ಳೆಯದು. ಮಂಜೂರಾದ ನಕ್ಷೆ ಹಿಡಿದು ಪ್ರತಿ ಫ್ಲ್ಯಾಟ್‌ನ ಹೊರ ಅಳತೆ, ಬಾಲ್ಕನಿ, ಪಾರ್ಕಿಂಗ್ ಬೇರೆ ಬೇರೆ ಕಾಲಂನಲ್ಲಿ ಬರೆದು, ಎಲ್ಲರೂ ಅದೇ ಪಟ್ಟಿಯಿಂದ ಘೋಷಿಸಬೇಕು. ಪಾರ್ಕಿಂಗ್ ಜಾಗದ ಲೆಕ್ಕ ಬೇರೆ, ಅದನ್ನು ಮನೆಯ ವಿಸ್ತೀರ್ಣಕ್ಕೆ ಸೇರಿಸಿಬಿಟ್ಟರೆ ಜಾಸ್ತಿ ಕಟ್ಟುತ್ತೀರಿ. ಒಂದೇ ಕಟ್ಟಡದ ಒಂದೇ ಮಾದರಿಯ ಮನೆಗಳಲ್ಲಿ ಮೂರು ಅಂಕಿ ಇದ್ದರೆ ಪಾಲಿಕೆಯ ತಂತ್ರಾಂಶ ಅದನ್ನು ತಾನಾಗಿ ಎತ್ತಿ ತೋರಿಸಬೇಕು. ಅದಕ್ಕೆ ಸ್ಥಳ ಪರಿಶೀಲನೆಯೂ ಬೇಕಿಲ್ಲ.

ಇನ್ನೊಂದು ಮಾತು. ಹಳೆ ಮನೆ ಮೇಲೆ ಹೊಸ ಮಹಡಿ ಕಟ್ಟಿದರೆ ಎರಡಕ್ಕೂ ಸವಕಳಿ ಬೇರೆ. ಹಿಂದಿನ ವರ್ಷಕ್ಕಿಂತ ಬದಲಾವಣೆ ಇದ್ದರೆ ನಮೂನೆ 5, ಇಲ್ಲದಿದ್ದರೆ ನಮೂನೆ 4. ಮಹಡಿ ಏರಿಸಿದ ಮೇಲೂ ನಮೂನೆ 4ರಲ್ಲೇ ಕಟ್ಟುತ್ತಾ ಹೋದರೆ ಆ ಮಹಡಿಯ ಬಾಕಿ, ಬಡ್ಡಿ, ದಂಡ ಒಟ್ಟಿಗೆ ಬಂದು ಕೂರುತ್ತದೆ.

ಹುಬ್ಳಿ_ಸಿವಿಲ್

ನೋಡ್ರಿ, ನೀವೆಲ್ಲ ಬೆಂಗಳೂರಿನ ಲೆಕ್ಕಾನ ಹೇಳಾಕತ್ತೀರಿ. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಗಳೂರು, ಸಣ್ಣ ಪುರಸಭೆ, ಇಲ್ಲೆಲ್ಲ ಬಂಡವಾಳ ಮೌಲ್ಯ ಪದ್ಧತಿ ಐತಿ. ಜಾಗಕ್ಕ ಮಾರ್ಗಸೂಚಿ ದರ, ಕಟ್ಟಡಕ್ಕ ದರ, ಅದರಾಗ ಸವಕಳಿ ಕಳದು ತೆರಿಗೆ. 2021ರ ತಿದ್ದುಪಡಿ ಆದ ಮ್ಯಾಲೆ ಚಾಲ್ತಿ ಮಾರ್ಗಸೂಚಿ ದರಕ್ಕ ಇನ್ನಷ್ಟು ಬಿಗಿಯಾಗಿ ಜೋಡಿಸ್ಯಾರ. ಅಂದ್ರ ಮಾರ್ಗಸೂಚಿ ದರ ಸರಿ ಇದ್ರ ತೆರಿಗಿ ಸರಿ, ಅದು ತಪ್ಪಿದ್ರ ಎಲ್ಲಾ ತಪ್ಪು.

ಆ ದರ ಮಾಡೋದು ಯಾವ ಕೆಲಸಕ್ಕ? ಮುದ್ರಾಂಕ ಶುಲ್ಕದಾಗ ಸೋರಿಕಿ ತಡಿಯಾಕ. ಕರ್ನಾಟಕ ಮುದ್ರಾಂಕ ಕಾಯ್ದೆ 1957ರ 45-ಬಿ ಕಲಂ ಪ್ರಕಾರ ಕೇಂದ್ರ ಮೌಲ್ಯಮಾಪನ ಸಮಿತಿ, ಅದರ ಕೆಳಗ ಉಪಸಮಿತಿ. ಒಂದು ಬಡಾವಣಿಗೆ, ಒಂದು ರಸ್ತಿಗೆ ಒಂದು ದರ. ಇದಕ್ಕಿಂತ ಕಡಿಮಿ ತೋರಿಸಬ್ಯಾಡ್ರಿ ಅಂತ ಹಾಕಿದ ತಳಮಟ್ಟದ ಗೆರಿ ಅದು. ಆ ಗೆರಿನ ಪ್ರತಿ ವರ್ಷ ಕಟ್ಟೋ ತೆರಿಗಿಗೆ ತಳಪಾಯ ಮಾಡಿದ್ರ, ಒಂದ ರಸ್ತಿಯಾಗ ಇರೋ ಮೂಲಿ ನಿವೇಶನಕ್ಕೂ ಗಟಾರ ಬಾಜೂಕಿನ ನಿವೇಶನಕ್ಕೂ ನ್ಯಾಯ ಹೆಂಗ ಸಿಗತೈತಿ?

ಕಂದಾಯ_ಕಡತ

ಸರಿಯಾಗಿ ಹೇಳಿದಿರಿ. ರಾಜ್ಯದಲ್ಲಿ ಮಾರ್ಗಸೂಚಿ ದರ 2023ರ ಅಕ್ಟೋಬರ್ 1ರಂದು ಪರಿಷ್ಕರಣೆಯಾಯಿತು. ಪರಿಷ್ಕರಣೆ ತಡವಾದಷ್ಟೂ ಬೆಲೆ ಬೇಗ ಏರಿದ ಬಡಾವಣೆಯವರು ಕಡಿಮೆ ಕಟ್ಟುತ್ತಾರೆ, ಬೆಲೆ ನಿಂತಲ್ಲೇ ನಿಂತ ಹಳೆ ಬಡಾವಣೆಯವರು ಅವರ ಪಾಲನ್ನೂ ಹೊರುತ್ತಾರೆ. ಇಂಗ್ಲೆಂಡಿನಲ್ಲಿ ಕೌನ್ಸಿಲ್ ಟ್ಯಾಕ್ಸ್ ಎಂಬ ಮನೆ ತೆರಿಗೆಗೆ ಇಂದಿಗೂ 1991ರ ಏಪ್ರಿಲ್ ಬೆಲೆಯೇ ಆಧಾರ. ಮರುಮೌಲ್ಯಮಾಪನವನ್ನು ಒಮ್ಮೆ ಮುಂದೂಡಿದರೆ ಆಮೇಲೆ ಯಾವ ಸರ್ಕಾರವೂ ಕೈ ಹಾಕಲು ಹೆದರುತ್ತದೆ. ಬೆಂಗಳೂರಿನಲ್ಲೂ 2016ರ ವಲಯ ಬದಲಾವಣೆಯ ನಂತರ ಹಳೆ ವಲಯದಲ್ಲೇ ಕಟ್ಟುತ್ತಾ ಬಂದ ಸಾವಿರಾರು ಮಾಲೀಕರಿಗೆ ವರ್ಷಗಳ ಮೇಲೆ ನೋಟಿಸ್ ಹೋಯಿತು.

ಡಲ್ಲಾಸ್_ಕನ್ನಡಿಗ

ಅಳತೆಗೋಲು ಎಂದಿರಲ್ಲ, ಅಮೆರಿಕದಲ್ಲಿ ಬಳಕೆಯಲ್ಲಿರುವುದನ್ನು ವಿವರಿಸುತ್ತೇನೆ. ಇಲ್ಲಿನ ಮೌಲ್ಯಮಾಪನ ಅಧಿಕಾರಿಗಳ ಸಂಸ್ಥೆ ಐಎಎಒ, 1934ರಲ್ಲಿ ಶುರುವಾದದ್ದು. ಅದರ ಅನುಪಾತ ಅಧ್ಯಯನದ ಮಾನದಂಡವನ್ನು ಹಲವು ರಾಜ್ಯಗಳು ತಮ್ಮ ನಿಯಮಗಳಿಗೆ ಆಧಾರವಾಗಿ ಬಳಸುತ್ತವೆ. ಮಾರಾಟವಾದ ಪ್ರತಿ ಆಸ್ತಿಗೂ ‘ನಿರ್ಧರಿಸಿದ ಮೌಲ್ಯ ÷ ಮಾರಾಟದ ಬೆಲೆ’ ಎಂಬ ಅನುಪಾತ ತೆಗೆಯಬೇಕು. ಆ ಅನುಪಾತಗಳಿಂದ ಮೂರು ಅಂಕಿ.

ಐದು ಮನೆ ಮಾರಾಟವಾಗಿವೆ ಎಂದುಕೊಳ್ಳಿ. ಬೆಲೆ ಲಕ್ಷದಲ್ಲಿ 150, 100, 80, 60, 40. ನಿರ್ಧರಿಸಿದ ಮೌಲ್ಯ 90, 70, 64, 54, 48. ಅನುಪಾತ ಕ್ರಮವಾಗಿ 0.60, 0.70, 0.80, 0.90, 1.20.

ಮಧ್ಯಾಂಕ, ಅಂದರೆ ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕಿ, 0.80. ಇದು ಒಟ್ಟು ಮಟ್ಟ, 0.90ರಿಂದ 1.10ರ ನಡುವೆ ಇರಬೇಕು. ಇಲ್ಲಿ ಇಲ್ಲ.

ಎರಡನೆಯದು ಸಿಒಡಿ, ಅಂದರೆ ಮಧ್ಯಾಂಕದಿಂದ ಅನುಪಾತಗಳು ಸರಾಸರಿ ಎಷ್ಟು ಚದುರಿವೆ ಎಂಬುದು. ವ್ಯತ್ಯಾಸಗಳು 0.20, 0.10, 0, 0.10, 0.40, ಸರಾಸರಿ 0.16. ಅದನ್ನು 0.80ರಿಂದ ಭಾಗಿಸಿ 100ರಿಂದ ಗುಣಿಸಿದರೆ 20. ಹಳೆಯ, ಬಗೆಬಗೆಯ ಮನೆಗಳಿರುವ ಪ್ರದೇಶಕ್ಕೆ 5ರಿಂದ 15 ಒಪ್ಪಿತ. ಹೊಸ, ಒಂದೇ ರೀತಿಯ ಮನೆಗಳಿಗೆ 10ರೊಳಗೆ. 20 ಎಂದರೆ ಅಕ್ಕಪಕ್ಕದವರ ನಡುವೆಯೇ ಅಸಮಾನತೆ.

ಮೂರನೆಯದು ಪಿಆರ್‌ಡಿ. ಅನುಪಾತಗಳ ಸರಳ ಸರಾಸರಿ 0.84. ಒಟ್ಟು ಮೌಲ್ಯ 326, ಒಟ್ಟು ಬೆಲೆ 430, ಆ ಅನುಪಾತ 0.758. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 1.11. ಮಿತಿ 0.98ರಿಂದ 1.03. ಮೇಲಕ್ಕೆ ಹೋದರೆ ದುಬಾರಿ ಮನೆಗೆ ಕಡಿಮೆ ಮೌಲ್ಯ, ಅಗ್ಗದ ಮನೆಗೆ ಹೆಚ್ಚು ಮೌಲ್ಯ ಹಾಕಿದ್ದಾರೆ ಎಂದರ್ಥ. ಈ ಉದಾಹರಣೆಯಲ್ಲಿ 40 ಲಕ್ಷದ ಮನೆಯವರು 48 ಲಕ್ಷದ ಮೇಲೆ ಕಟ್ಟುತ್ತಿದ್ದಾರೆ, ಒಂದೂವರೆ ಕೋಟಿಯವರು 90 ಲಕ್ಷದ ಮೇಲೆ. ಎಲ್ಲರಿಗೂ ಒಂದೇ ದರ ಇದ್ದರೂ ಬಡವರ ಮೇಲೆ ಭಾರ ಹೆಚ್ಚು ಬೀಳುವುದು ಹೀಗೆ.

ಪುಟ್ಟ ಸ್ಪ್ರೆಡ್‌ಶೀಟ್‌ನಲ್ಲಿ ಆಗುವ ಕೆಲಸ ಇದು. ಐದು ಮಾರಾಟ ಲೆಕ್ಕ ಅರ್ಥವಾಗಲೆಂದು ತೆಗೆದುಕೊಂಡದ್ದು, ತೀರ್ಮಾನಕ್ಕೆ ಸಾಲದು.

ಉಪನೋಂದಣಿ_ನೋಟ

ಲೆಕ್ಕ ಚೆನ್ನಾಗಿದೆ ಸರ್. ಆದರೆ ಇದನ್ನು ನಮ್ಮ ನೋಂದಣಿ ದಾಖಲೆಗೆ ಹಾಗೇ ಹಚ್ಚಿದರೆ ಮೋಸ ಹೋಗುತ್ತೀರಿ. ಮಾರಾಟದ ಬೆಲೆಯ ಕಾಲಂನಲ್ಲಿ ಅನೇಕ ಕ್ರಯಪತ್ರಗಳು ಮಾರ್ಗಸೂಚಿ ದರವನ್ನೇ ತೋರಿಸಿರುತ್ತವೆ, ಇಲ್ಲವೇ ಅದಕ್ಕಿಂತ ಕೂದಲೆಳೆ ಮೇಲೆ. ಆಗ ಮೌಲ್ಯವೂ ಬೆಲೆಯೂ ಒಂದೇ. ಅನುಪಾತ 1.00, ಸಿಒಡಿ ಸೊನ್ನೆಗೆ ಹತ್ತಿರ. ಕಾಗದದ ಮೇಲೆ ಜಗತ್ತಿನ ಅತ್ಯುತ್ತಮ ತೆರಿಗೆ ನಿರ್ಧಾರ!

ಡಲ್ಲಾಸ್_ಕನ್ನಡಿಗ

ಬಹಳ ಮುಖ್ಯವಾದ ಅಂಶ. ಅದಕ್ಕೇ ಐಎಎಒ ಮಾನದಂಡ ಸಿಒಡಿ 5ಕ್ಕಿಂತ ಕೆಳಗೆ ಬಂದರೆ ಹೊಗಳುವುದಿಲ್ಲ, ಅನುಮಾನಿಸಿ ಎನ್ನುತ್ತದೆ. ಮಾರಾಟವಾದ ಮನೆಗಳ ಮೌಲ್ಯವನ್ನು ಮಾತ್ರ ಮಾರಾಟದ ಬೆಲೆಗೆ ತಂದು ಕೂರಿಸಿ, ಮಾರಾಟವಾಗದ ನೆರೆಮನೆಗಳನ್ನು ಹಾಗೇ ಬಿಟ್ಟಾಗಲೂ ಇಂಥದ್ದೇ ಸುಳ್ಳು ಅಂಕಿ ಬರುತ್ತದೆ.

ಟೆಕ್ಸಾಸ್‌ನಲ್ಲೂ ಮಾರಾಟದ ಬೆಲೆಯನ್ನು ಸರ್ಕಾರಕ್ಕೆ ತಿಳಿಸಲೇಬೇಕೆಂಬ ಕಾನೂನು ಇಲ್ಲ. ಆದರೂ ಇಲ್ಲಿ ತೆರಿಗೆ ಹಾಕುವವರು ಬೇರೆ, ಮೌಲ್ಯ ನಿರ್ಧರಿಸುವ ಅಪ್ರೈಸಲ್ ಡಿಸ್ಟ್ರಿಕ್ಟ್ ಬೇರೆ. ಆ ಡಿಸ್ಟ್ರಿಕ್ಟ್‌ನ ಕೆಲಸವನ್ನು ರಾಜ್ಯದ ಕಂಟ್ರೋಲರ್ ಕಚೇರಿ ಕನಿಷ್ಠ ಎರಡು ವರ್ಷಕ್ಕೊಮ್ಮೆ ತಾನೇ ಸಂಗ್ರಹಿಸಿದ ಮಾರಾಟ ಮಾಹಿತಿ ಮತ್ತು ಸ್ವಂತ ಮೌಲ್ಯಮಾಪನದ ಜೊತೆ ಹೋಲಿಸಿ ನೋಡುತ್ತದೆ. ತನ್ನ ಲೆಕ್ಕವನ್ನು ತಾನೇ ಸರಿ ಎಂದು ಹೇಳಿಕೊಳ್ಳಲು ಯಾರಿಗೂ ಅವಕಾಶ ಇಲ್ಲ.

ಉಪನೋಂದಣಿ_ನೋಟ

ಹಾಗಾದರೆ ಇಲ್ಲಿ ಬೆಲೆಯ ಸಾಕ್ಷ್ಯ ಎಲ್ಲಿಂದ ತರುವುದು? ಕೆಲವು ದಾರಿಗಳಿವೆ, ಪ್ರತಿಯೊಂದಕ್ಕೂ ಅದರದೇ ದೋಷ ಇದೆ.

ಬಿಡಿಎ, ಗೃಹ ಮಂಡಳಿ ಹರಾಜು: ಬೆಲೆ ಬಹಿರಂಗ, ಪೂರ್ತಿ ದಾಖಲೆಯಲ್ಲಿ. ಆದರೆ ಬಿಡಿಎ ಹರಾಜಿಗೆ ಬರುವುದು ಬಹುತೇಕ ಮೂಲೆ ನಿವೇಶನ. ನಡುವಿನ ನಿವೇಶನಕ್ಕೆ ಹೋಲಿಸುವ ಮೊದಲು ಮೂಲೆಯ ಹೆಚ್ಚುವರಿಯನ್ನು ಕಳೆಯಬೇಕು.

ಬ್ಯಾಂಕ್ ಸಾಲ ಪಡೆದು ಕೊಂಡ ಫ್ಲ್ಯಾಟ್‌ಗಳು: ಸಾಲದ ಮೊತ್ತ ಕ್ರಯಪತ್ರದ ಬೆಲೆಗೆ ಕಟ್ಟಿರುವುದರಿಂದ ತೋರಿಸಿದ ಬೆಲೆ ನಿಜಕ್ಕೆ ಹತ್ತಿರ. ಅಡಮಾನ ಸಹಿತ ನೋಂದಣಿಯಾದವುಗಳನ್ನು ಬೇರೆ ತೆಗೆದು ಅಧ್ಯಯನ ಮಾಡಿದರೆ ಒಳ್ಳೆಯ ಮಾದರಿ ಸಿಗುತ್ತದೆ.

ಸರ್ಫೇಸಿ ಹರಾಜು (ಸಾಲ ತೀರಿಸದವರ ಆಸ್ತಿಯನ್ನು ಬ್ಯಾಂಕ್ ಮಾರುವುದು): ಬೆಲೆ ಬಹಿರಂಗ ಆದರೂ ತುರ್ತು ಮಾರಾಟ. ಇವನ್ನು ಸೇರಿಸಿದರೆ ಮೌಲ್ಯ ಹೆಚ್ಚಾಗಿದೆ ಎಂಬ ತಪ್ಪು ಚಿತ್ರ ಬರುತ್ತದೆ. ನನ್ನ ಮಟ್ಟಿಗೆ ಇವು ಬೇಡ.

ಕುಟುಂಬದೊಳಗಿನ ಕ್ರಯ, ದಾನಪತ್ರ, ವಿಭಾಗಪತ್ರ, ಹಕ್ಕುಬಿಡುಗಡೆ, ಇವೆಲ್ಲ ಮೊದಲ ಜರಡಿಯಲ್ಲೇ ಹೋಗಬೇಕು. ಕೊನೆಯಲ್ಲಿ, ಬೆಲೆ ಮಾರ್ಗಸೂಚಿ ದರದ ಶೇ 100ರಿಂದ 102ರ ನಡುವೆ ಕೂತಿರುವ ಕ್ರಯಗಳನ್ನು ಬೇರೆ ಕಟ್ಟಿಡಿ. ಒಂದು ರಸ್ತೆಯಲ್ಲಿ ಅಂಥವೇ ಹೆಚ್ಚಿದ್ದರೆ ಅಲ್ಲಿ ನೈಜ ಬೆಲೆ ದಾಖಲಾಗುತ್ತಿಲ್ಲ ಎಂಬುದೇ ನಿಮಗೆ ಸಿಕ್ಕ ಮಾಹಿತಿ.

ವಕಾಲತ್ತು_ತುಮಕೂರು

ಕಾನೂನಿನ ಕಡೆಯಿಂದ ಎರಡು ಗಡಿರೇಖೆ ನೆನಪಿರಲಿ. ಬಾಡಿಗೆ ಮೌಲ್ಯದ ಪದ್ಧತಿ ದೇಶದಾದ್ಯಂತ ಸೊರಗಿದ್ದು ಸುಮ್ಮನೆ ಅಲ್ಲ. ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಮಾಣಿತ ಬಾಡಿಗೆಗಿಂತ ಹೆಚ್ಚಿನ ಮೌಲ್ಯ ಹಿಡಿಯುವಂತಿಲ್ಲ ಎಂದಿತು. ಮಾರುಕಟ್ಟೆ ಎಷ್ಟೇ ಏರಿದರೂ ತೆರಿಗೆಯ ತಳಪಾಯ ಏರಲಿಲ್ಲ. ಪಟ್ನಾ 1993ರಲ್ಲಿ, ದೆಹಲಿ 2004ರಲ್ಲಿ ವಿಸ್ತೀರ್ಣ ಆಧಾರಿತ ಪದ್ಧತಿಗೆ ಹೋದವು.

ಇನ್ನೊಂದು ಮುಂಬೈನದು. ಅಲ್ಲಿ 2010ರಿಂದ ಬಂಡವಾಳ ಮೌಲ್ಯ. ಆದರೆ ಜಾಗದ ಮೇಲೆ ಮುಂದೆ ಎಷ್ಟು ಕಟ್ಟಬಹುದು ಎಂಬುದನ್ನೂ ಮೌಲ್ಯಕ್ಕೆ ಸೇರಿಸಿದ ನಿಯಮಗಳು ಬಾಂಬೆ ಹೈಕೋರ್ಟ್‌ನಲ್ಲಿ ಬಿದ್ದವು, 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಇರುವುದಕ್ಕೆ ತೆರಿಗೆ ಹಾಕಬಹುದು, ಮುಂದೆ ಬರಬಹುದಾದದ್ದಕ್ಕೆ ಇಲ್ಲ. ಮಾರ್ಗಸೂಚಿ ದರವನ್ನೇ ತಳಪಾಯ ಮಾಡುವ ಎಲ್ಲ ಊರಿಗೂ ಇದು ಎಚ್ಚರಿಕೆ, ಏಕೆಂದರೆ ಮೆಟ್ರೋ ಬರುತ್ತದೆ ಎಂಬ ನಿರೀಕ್ಷೆಯೂ ಜಾಗದ ಬೆಲೆಯೊಳಗೆ ಸೇರಿಕೊಂಡಿರುತ್ತದೆ.

ನೋಟಿಸ್ ಬಂದವರಿಗೆ: ಅದರಲ್ಲಿ ಯಾವ ಅಂಶ ತಪ್ಪು (ವಲಯವೋ, ವಿಸ್ತೀರ್ಣವೋ, ಬಳಕೆಯೋ), ಪಾಲಿಕೆಯ ಅಂಕಿ ಎಷ್ಟು, ಅದು ಎಲ್ಲಿಂದ ಬಂತು, ಈ ಮೂರೂ ಇರಬೇಕು. ‘ಕಡಿಮೆ ಘೋಷಿಸಿದ್ದೀರಿ, ಇಷ್ಟು ಕಟ್ಟಿ’ ಎಂದಷ್ಟೇ ಇದ್ದರೆ ಮೊದಲ ಆಕ್ಷೇಪಣೆಯೇ ಅದು. ಹಣದ ವಿಷಯಕ್ಕಿಂತ ಮೊದಲು ಕಾರಣ ಕೇಳಿ, ಲಿಖಿತವಾಗಿ, ನೋಟಿಸ್‌ನ ಅವಧಿಯೊಳಗೆ, ಸ್ವೀಕೃತಿ ಪಡೆದು.

ಖಾತಾ_ಪ್ರಶ್ನೆ

ಮೇಡಂ, ದಂಡ ಎರಡು ಪಟ್ಟು ಎನ್ನುತ್ತಾರಲ್ಲ, ಈಗಲೂ ಹಾಗೇನಾ?

ವಕಾಲತ್ತು_ತುಮಕೂರು

ಬಿಬಿಎಂಪಿ ಕಾಯ್ದೆ 2020ರ ಸೆಕ್ಷನ್ 144ರಲ್ಲಿ ಮೊದಲು ವ್ಯತ್ಯಾಸದ ಎರಡು ಪಟ್ಟು ಇತ್ತು. 2024ರ ತಿದ್ದುಪಡಿಯಲ್ಲಿ ಇಳಿಸಿದರು, ಅದೇ ವರ್ಷ ಒಂದು ಬಾರಿಯ ಇತ್ಯರ್ಥ ಯೋಜನೆಯೂ ನಡೆಯಿತು. ಹಳೆ ವರ್ಷದ ನೋಟಿಸ್ ಇದ್ದರೆ ಅದರಲ್ಲಿ ಯಾವ ಕಲಂ, ಯಾವ ವರ್ಷದ ದರ ಎಂದು ನೋಡಿಯೇ ಉತ್ತರ ಕೊಡಿ.

ಹುಬ್ಳಿ_ಸಿವಿಲ್

ಈಗ ಎರಡನೇ ಪ್ರಶ್ನೆಗೆ ಬರ್ರಿ. ಅರ್ಹತೆ. ಕಂಪನಿ ಆಸ್ತಿಗೆ, ದಿವಾಳಿ ಪ್ರಕ್ರಿಯೆಗೆ ಮೌಲ್ಯ ಹಾಕಬೇಕಂದ್ರ ಕಂಪನಿ ಕಾಯ್ದೆ 2013ರ 247ನೇ ಕಲಂ, 2017ರ ನೋಂದಾಯಿತ ಮೌಲ್ಯಮಾಪಕರ ನಿಯಮ ಐತಿ. ಜಾಗ-ಕಟ್ಟಡ ವಿಭಾಗಕ್ಕ ಸಿವಿಲ್, ವಾಸ್ತುಶಿಲ್ಪ, ನಗರ ಯೋಜನಾ ಪದವಿ, ಅದರ ಮ್ಯಾಲೆ ಐದು ವರ್ಷ ಅನುಭವ. ಸ್ನಾತಕೋತ್ತರ ಇದ್ರ ಮೂರು. 50 ತಾಸಿನ ಕೋರ್ಸ್, ಆಮ್ಯಾಲೆ ದಿವಾಳಿ ಮಂಡಳಿ (ಐಬಿಬಿಐ) ಪರೀಕ್ಷೆ. ಒಂದು ಕಂಪನಿಯ ಗೋದಾಮಿಗೆ ಇಷ್ಟೆಲ್ಲ ಬೇಕು. ಲಕ್ಷಾಂತರ ಮನಿ ಇರೋ ಊರಿಗೆ ತೆರಿಗಿ ನಿರ್ಧಾರ ಪರಿಶೀಲಿಸೋ ಮಂದಿಗೆ ಮೌಲ್ಯಮಾಪನದ ಒಂದು ಪರೀಕ್ಷಾನೂ ಬ್ಯಾಡೇನು?

ಡಲ್ಲಾಸ್_ಕನ್ನಡಿಗ

ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಗೆ ಮೌಲ್ಯ ಹಾಕುವವರು ರಾಜ್ಯದ ಈಕ್ವಲೈಸೇಷನ್ ಮಂಡಳಿಯ ಪ್ರಮಾಣಪತ್ರ ಪಡೆಯಲೇಬೇಕು. ಅದು ಉಳಿಯಬೇಕಾದರೆ ವರ್ಷಕ್ಕೆ 24 ಗಂಟೆ ತರಬೇತಿ. ಮೇಲ್ದರ್ಜೆಯ ಪ್ರಮಾಣಪತ್ರ ಇದ್ದರೆ 12. ಟೆಕ್ಸಾಸ್‌ನಲ್ಲಿ ಕೆಲಸಕ್ಕೆ ಸೇರಿ ನೋಂದಾಯಿಸಿಕೊಂಡ ಐದು ವರ್ಷದೊಳಗೆ ಪೂರ್ಣ ಪ್ರಮಾಣಪತ್ರ. ನ್ಯೂಜೆರ್ಸಿಯಲ್ಲಿ ರಾಜ್ಯದ ಪರೀಕ್ಷೆ ಪಾಸಾಗದೆ ಊರಿನ ಟ್ಯಾಕ್ಸ್ ಅಸೆಸರ್ ಆಗುವಂತಿಲ್ಲ. ಗಮನಿಸಿ, ಇವು ಹೆಚ್ಚಾಗಿ ಕೆಲಸಕ್ಕೆ ಸೇರಿದ ಮೇಲೆ ಕಲಿಯುವ ವ್ಯವಸ್ಥೆ. ಬಾಗಿಲಲ್ಲೇ ಇಂಜಿನಿಯರಿಂಗ್ ಪದವಿ ಕೇಳುವುದಿಲ್ಲ.

ಪೌರ_ಸಿಬ್ಬಂದಿ

ಈ ಕೊನೆಯ ಮಾತು ಬಂದದ್ದು ಒಳ್ಳೆಯದಾಯಿತು. ತೆರಿಗೆ ವಸೂಲಿಗಾರರು, ಕಂದಾಯ ಪರಿವೀಕ್ಷಕರು, ಮೌಲ್ಯಮಾಪಕರು, ಸಹಾಯಕ ಕಂದಾಯ ಅಧಿಕಾರಿ, ಇದು ನಗರದ ಏಣಿ. ಪಂಚಾಯಿತಿಯಲ್ಲಿ ಬಿಲ್ ಕಲೆಕ್ಟರ್, ಅವರ ಮೇಲೆ ಪಿಡಿಒ. ಪದವಿ ಕಡ್ಡಾಯ ಎಂದರೆ ಬೀದಿ ಬೀದಿ ಗೊತ್ತಿರುವ ಜನ ಹೊರಗೆ ಹೋಗುತ್ತಾರೆ. ಒಬ್ಬ ಪರಿವೀಕ್ಷಕರ ಮೇಲೆ ಖಾತಾ ವರ್ಗಾವಣೆ, ವಸೂಲಿ ಗುರಿ, ಚುನಾವಣೆ, ಗಣತಿ ಎಲ್ಲವೂ ಇರುತ್ತದೆ. ವಸೂಲಿ ಗುರಿ ಹೊತ್ತವರ ಕೈಗೇ ಮೌಲ್ಯದ ತೀರ್ಮಾನವನ್ನೂ ಕೊಟ್ಟರೆ ಅವರು ಮೊತ್ತದ ಕಡೆಗೇ ನೋಡಬೇಕಾಗುತ್ತದೆ. ತಪ್ಪು ವ್ಯಕ್ತಿಯದಲ್ಲ, ಹುದ್ದೆಯ ರಚನೆಯದು.

ನಾನು ಹೇಳುವುದು ಕೆಲಸವನ್ನು ಮೂರು ಭಾಗ ಮಾಡಿ ಎಂದು. ಅಳೆಯುವವರಿಗೆ ಪದವಿ ಬೇಡ, ಅಳತೆಯ ಪರೀಕ್ಷೆ ಸಾಕು: ಲೇಸರ್ ಮೀಟರ್ ಹಿಡಿದು ಒಂದು ಎಲ್ ಆಕಾರದ ಮನೆ, ಒಂದು ಸೆಲ್ಲಾರ್ ಇರುವ ಅಂಗಡಿ ಅಳೆದು, ನಕ್ಷೆ ಬರೆದು, ಎರಡನೆಯವರ ಅಳತೆಗೆ ಶೇ 2ರೊಳಗೆ ಬರಬೇಕು. ವಲಯ ಮತ್ತು ದರ ತೀರ್ಮಾನಿಸುವವರಿಗೆ ಮೌಲ್ಯಮಾಪನದ ಪ್ರಮಾಣಪತ್ರ. ಮೇಲ್ಮನವಿ ಕೇಳುವವರು ಇಬ್ಬರಿಂದಲೂ ಬೇರೆಯಾಗಿ, ವಸೂಲಿ ಗುರಿ ಇಲ್ಲದವರಾಗಿ ಇರಬೇಕು.

ಅಳತೆಪಟ್ಟಿ

ಶೇ 2ರ ಮಿತಿ ಸರಿಯಾಗಿದೆ. 850 ಚದರಡಿಗೆ 17 ಚದರಡಿ. 25×34ರ ಮನೆಯಲ್ಲಿ ಎರಡೂ ಕಡೆ 3 ಇಂಚು ತಪ್ಪಿದರೆ ಸುಮಾರು 15 ಚದರಡಿ ಹೋಗುತ್ತದೆ, ಅಂದರೆ ಎಚ್ಚರದಿಂದ ಅಳೆದವರು ಪಾಸಾಗುತ್ತಾರೆ.

ಬಳಕೆಯ ಪರಿಶೀಲನೆಗೂ ಇದೇ ಶಿಸ್ತು ಬೇಕು. ಮಾಲೀಕರ ವಾಸ ಎಂದು ಘೋಷಿಸಿದ ಕಟ್ಟಡದಲ್ಲಿ ನಾಲ್ಕು ವಿದ್ಯುತ್ ಮೀಟರ್ ಇದ್ದರೆ ಬಾಡಿಗೆ ಇರಬಹುದು ಎಂಬ ಸುಳಿವು ಅದು, ಪುರಾವೆ ಅಲ್ಲ. ಮಕ್ಕಳು ಬೇರೆ ಸಂಸಾರ ಹೂಡಿ ಮಹಡಿಗೊಂದು ಮೀಟರ್ ಹಾಕಿಸಿಕೊಂಡಿರುತ್ತಾರೆ. ವಾಣಿಜ್ಯ ದರದ ಮೀಟರ್ ಇದ್ದರೆ ಸುಳಿವು ಗಟ್ಟಿ, ಆದರೂ ಎಷ್ಟು ಚದರಡಿ ಅಂಗಡಿ ಎಂದು ಅದು ಹೇಳುವುದಿಲ್ಲ. ಇಡೀ ನೆಲಮಹಡಿಯನ್ನು ವಸತಿಯೇತರ ಎಂದು ಬರೆದುಬಿಡುವುದು ನೋಟಿಸ್‌ಗಳಲ್ಲಿ ಕಾಣುವ ದೋಷ. ಅಂಗಡಿ 10×12 ಇದ್ದರೆ 120 ಚದರಡಿಗೆ ಆ ದರ, ಉಳಿದದ್ದು ಮನೆ.

ವಲಯ_ಗೊಂದಲ

ಪರೀಕ್ಷೆ, ಪ್ರಮಾಣಪತ್ರ ಎಲ್ಲ ಸರಿ. ಇವಕ್ಕೆಲ್ಲ ಖರ್ಚು ಯಾರದು? ಸಣ್ಣ ಪಟ್ಟಣ ಪಂಚಾಯಿತಿಗೆ ಮೌಲ್ಯಮಾಪಕರ ಸಂಬಳ ಕೊಡುವ ಶಕ್ತಿ ಇರುವುದಿಲ್ಲ.

ಕಂದಾಯ_ಕಡತ

ಊರಿಗೊಬ್ಬರು ಬೇಡ, ಜಿಲ್ಲೆಗೊಂದು ಘಟಕ ಸಾಕು. ಕೆನಡಾದ ಒಂಟಾರಿಯೋದಲ್ಲಿ ಇಡೀ ಪ್ರಾಂತ್ಯದ ಮೌಲ್ಯಮಾಪನ ಒಂದೇ ಸಂಸ್ಥೆಯದು, ದರ ಮಾತ್ರ ಊರಿನದು. ನಮ್ಮಲ್ಲೂ ದಾರಿ ಹೊಸದಲ್ಲ: ಪಶ್ಚಿಮ ಬಂಗಾಳ 1978ರಲ್ಲೇ ಕೇಂದ್ರ ಮೌಲ್ಯಮಾಪನ ಮಂಡಳಿಯ ಕಾಯ್ದೆ ಮಾಡಿತು, 13ನೇ ಹಣಕಾಸು ಆಯೋಗ ಸಾಧನೆ ಆಧಾರಿತ ಅನುದಾನಕ್ಕೆ ಇಟ್ಟ ಷರತ್ತುಗಳಲ್ಲಿ ರಾಜ್ಯ ಮಟ್ಟದ ಆಸ್ತಿ ತೆರಿಗೆ ಮಂಡಳಿಯೂ ಒಂದು. 15ನೇ ಆಯೋಗ ಕನಿಷ್ಠ ದರ ಅಧಿಸೂಚಿಸಬೇಕು, ವಸೂಲಿ ರಾಜ್ಯದ ಆರ್ಥಿಕ ಬೆಳವಣಿಗೆಯ ವೇಗದಲ್ಲಿ ಏರಬೇಕು ಎಂದಿತು. ದುಡ್ಡು ಎಷ್ಟು ಬಂತು ಎಂಬುದಕ್ಕೆ ಷರತ್ತು ಇದೆ. ಅದು ಯಾರಿಂದ, ಎಷ್ಟು ಸಮನಾಗಿ ಬಂತು ಎಂಬುದಕ್ಕೂ ಅಷ್ಟೇ ಗಟ್ಟಿಯಾದ ಷರತ್ತು ಬೇಕು. ಇಲ್ಲದಿದ್ದರೆ ಗುರಿ ಮುಟ್ಟಲು ಸುಲಭದ ದಾರಿ, ಈಗಾಗಲೇ ಸರಿಯಾಗಿ ಕಟ್ಟುತ್ತಿರುವವರ ಮೇಲೇ ದರ ಏರಿಸುವುದು.

ವಲಯ_ಗೊಂದಲ

ಐದು ಪಾಲಿಕೆಗಳಿಗೂ ಒಂದೇ ಘಟಕ ಇರಬೇಕು ಎನ್ನುತ್ತೀರಾ?

ಕಂದಾಯ_ಕಡತ

ಹೌದು. ದರ ಬೇರೆ ಬೇರೆ ಇರಲಿ, ಅದು ಆಯಾ ಪಾಲಿಕೆಯ ರಾಜಕೀಯ ತೀರ್ಮಾನ. ವಿಸ್ತೀರ್ಣದ ವ್ಯಾಖ್ಯೆ, ಸವಕಳಿ ಕೋಷ್ಟಕ, ವಲಯ ಮಾಡುವ ವಿಧಾನ ಒಂದೇ ಇರಬೇಕು. ಎರಡು ಪಾಲಿಕೆಗಳ ಗಡಿ ಒಂದು ರಸ್ತೆಯ ನಡುವೆ ಹಾದುಹೋದರೆ ಎದುರುಬದುರು ಮನೆಗಳಲ್ಲಿ ಬಾಲ್ಕನಿಯ ಲೆಕ್ಕವೇ ಬೇರೆಯಾಗಬಾರದು.

ವಕಾಲತ್ತು_ತುಮಕೂರು

ನಾಗರಿಕರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ನಿಮ್ಮ ರಸ್ತೆ ಯಾವ ವಲಯ, ಆ ವಲಯ ಮಾಡಿದ ಅಧಿಸೂಚನೆಯ ದಿನಾಂಕ, ಅದಕ್ಕೆ ಆಧಾರವಾದ ಮಾರ್ಗಸೂಚಿ ದರ ಯಾವ ವರ್ಷದ್ದು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. ‘ನನ್ನ ತೆರಿಗೆ ಯಾಕೆ ಜಾಸ್ತಿ’ ಎಂದು ಬರೆದರೆ ಉತ್ತರ ಬರುವುದಿಲ್ಲ, ಏಕೆಂದರೆ ಅಭಿಪ್ರಾಯ ಕೇಳಿದಂತಾಗುತ್ತದೆ. ದಾಖಲೆಯ ಹೆಸರು ಹೇಳಿ ಪ್ರತಿ ಕೇಳಿ.

ಅಂದಹಾಗೆ, ತೆರಿಗೆ ರಸೀದಿ ಮಾಲೀಕತ್ವದ ಪತ್ರ ಅಲ್ಲ. ಬಿ ಖಾತಾದವರಿಂದಲೂ ತೆರಿಗೆ ತೆಗೆದುಕೊಳ್ಳುತ್ತಾರೆ. ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮ ಆಗುವುದಿಲ್ಲ.

ಡಲ್ಲಾಸ್_ಕನ್ನಡಿಗ

ಆಕ್ಷೇಪಣೆಯ ವಿಷಯದಲ್ಲಿ ಇಲ್ಲಿಂದ ಕಲಿಯಬಹುದಾದದ್ದು ಒಂದಿದೆ. ಟೆಕ್ಸಾಸ್‌ನಲ್ಲಿ ‘ನನ್ನ ಮನೆಗೆ ಬೆಲೆ ಜಾಸ್ತಿ ಹಾಕಿದ್ದೀರಿ’ ಎಂಬುದಲ್ಲದೆ, ‘ಹೋಲಿಕೆಯ ಮನೆಗಳ ಮಧ್ಯಾಂಕಕ್ಕಿಂತ ನನ್ನದು ಮೇಲಿದೆ’ ಎಂಬುದೂ ಪ್ರತ್ಯೇಕ ಆಧಾರ. ಬೆಲೆ ಸರಿ ಇದ್ದರೂ ಅಸಮಾನತೆ ತೋರಿಸಿ ಗೆಲ್ಲಬಹುದು. ಗಡುವು ಮೇ 15, ಅಥವಾ ನೋಟಿಸ್ ಹೊರಟು 30 ದಿನ, ಯಾವುದು ತಡವೋ ಅದು. ಕರ್ನಾಟಕದ ನಿಯಮದಲ್ಲೂ ಅಸಮಾನತೆಯನ್ನೇ ಆಕ್ಷೇಪಣೆಯ ಆಧಾರವಾಗಿ ಬರೆದರೆ, ಅನುಪಾತ ಅಧ್ಯಯನ ಕಚೇರಿಯ ಕಡತದಿಂದ ಹೊರಬಂದು ಜನರ ಕೈಗೆ ಸಿಗುತ್ತದೆ.

ಹುಬ್ಳಿ_ಸಿವಿಲ್

ಹೋಲಿಕಿ ಮನಿ ಅಂದ್ರ ಯಾವುದು, ಅದನ್ನೂ ಬರದಿಡಬೇಕ್ರಿ. ಒಂದ ಬಡಾವಣಿ, ವಿಸ್ತೀರ್ಣದಾಗ ಶೇ 20ರೊಳಗ ವ್ಯತ್ಯಾಸ, ವಯಸ್ಸಿನಾಗ 10 ವರ್ಷದೊಳಗ, ತಾರಸಿ ಒಂದ ನಮೂನಿ. ಹೆಂಚಿನ ಮನಿಗೂ ಆರ್‌ಸಿಸಿ ಮನಿಗೂ ಹೋಲಿಸಿದ್ರ ಇಬ್ಬರೂ ಗೆಲ್ತಾರ, ಇಬ್ಬರೂ ಸೋಲ್ತಾರ.

ಉಪನೋಂದಣಿ_ನೋಟ

ಅಧ್ಯಯನಕ್ಕೆ ಕೈ ಹಾಕುವವರಿಗೆ ಇನ್ನೊಂದು ಸೂಚನೆ. ಜರಡಿ ಹಿಡಿದ ಮೇಲೆ ಒಂದು ವಲಯದಲ್ಲಿ ವರ್ಷಕ್ಕೆ 30 ಒಳ್ಳೆಯ ಮಾರಾಟವೂ ಉಳಿಯದಿದ್ದರೆ ಎರಡು ವರ್ಷದ ಮಾರಾಟ ಸೇರಿಸಿ, ಹಳೆಯವುಗಳ ಬೆಲೆಯನ್ನು ಒಂದೇ ದಿನಾಂಕಕ್ಕೆ ತಂದು ಲೆಕ್ಕ ಹಾಕಿ. ಆಗಲೂ ಸಾಲದಿದ್ದರೆ ಪಕ್ಕದ ವಲಯದ ಜೊತೆ ಸೇರಿಸಿ. ಖಾಲಿ ನಿವೇಶನ, ಸ್ವತಂತ್ರ ಮನೆ, ಫ್ಲ್ಯಾಟ್ ಮೂರನ್ನೂ ಒಂದೇ ಗುಂಪಿಗೆ ಹಾಕಬೇಡಿ. ಖಾಲಿ ನಿವೇಶನದ ಅನುಪಾತಗಳು ಹೆಚ್ಚು ಚದುರಿರುತ್ತವೆ, ಅವುಗಳಿಗೆ ಸಿಒಡಿ ಮನೆಗಳಿಗಿಂತ ಹೆಚ್ಚಿದ್ದರೂ ಒಪ್ಪಿತ. ಬೆರೆಸಿದರೆ ಚೆನ್ನಾಗಿರುವ ಫ್ಲ್ಯಾಟ್‌ಗಳ ಅಂಕಿಯೂ ಕೆಡುತ್ತದೆ.